ಭತ್ತದ ತೆನೆ ಮುಂದೆ ನಿಂತ ದಿಬ್ಬಣ

ಮಗಳ ಮದುವೆಯ ಅಲಂಕಾರ, ಊಟ, ಉಡುಗೆ, ಈ ಮೂರು ಖಾತೆಗಳನ್ನೂ ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆಂದು ಮನೆಯ ಮಂತ್ರಿಮಂಡಲದಲ್ಲಿ ಘೋಷಿಸಿಬಿಟ್ಟೆ! ಮಂತ್ರಿಮಂಡಲವೆಂದರೆ ನನ್ನ ಹೆಂಡತಿ ದಾಕ್ಷಾಯಣಿ ಮತ್ತು ಮಗಳು ಅರುಣಾ. ವಿರೋಧಪಕ್ಷವೂ ಅವರೇ.

"ಬಳ್ಳಾರಿ ಇಂಥಾ ಮದುವಿ ನೋಡಿರಬಾರದು! ಇನ್ನ ಹತ್ತು ವರ್ಷ ಮಂದಿ ಇದನ್ನೇ ಮಾತಾಡಬೇಕು!" ಎಂದೆ.

"ಮಾತಾಡ್ತಾರ ಬಿಡ್ರಿ," ಎಂದಳು ದಾಕ್ಷಾಯಣಿ, ಮೆಣಸಿನಕಾಯಿ ತೊಟ್ಟು ಮುರಿಯುತ್ತ. "ಏನಂತ ಮಾತಾಡ್ತಾರ ಅನ್ನೋದೇ ನನಗ ಚಿಂತಿ."

ಗಾಂಧಿನಗರದಲ್ಲಿ ನನಗೊಂದು ಅಂಗಡಿ ಇದೆ. ಫ್ಯಾನು, ಟ್ಯೂಬ್‌ಲೈಟು, ಹಬ್ಬಕ್ಕೆ ಬಣ್ಣದ ಸೀರಿಯಲ್ ಸೆಟ್ಟು ಮಾರುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಮದುವೆಯ ವಿಡಿಯೋ ನೋಡುತ್ತೇನೆ. ಸಮುದ್ರದ ದಂಡೆಯ ಮದುವೆ, ಅರಮನೆಯ ಮದುವೆ, ನೀರಿನೊಳಗಿನ ಮದುವೆ! ನೋಡಿ ನೋಡಿ ನಾನು ಈ ವಿದ್ಯೆಯಲ್ಲಿ ಪಾರಂಗತನಾಗಿದ್ದೆ. ಬಳ್ಳಾರಿಯಲ್ಲಿ ಸಮುದ್ರ ಇಲ್ಲದ್ದು ನನ್ನ ತಪ್ಪಲ್ಲ.

ಅಳಿಯ ವೀರೇಶ್ ಸಿರುಗುಪ್ಪದಲ್ಲಿ ದನದ ಡಾಕ್ಟರು. ಅವರ ಮನೆ ದೇಶನೂರಿನಲ್ಲಿ. ಕಾಲುವೆ ನೀರು, ಕಣ್ಣು ಹಾಯುವಷ್ಟು ಭತ್ತದ ಗದ್ದೆ. ಅಳಿಯನ ತಂದೆಗೆ ಮಾತು ಕಡಿಮೆ. ಮನೆಯ ಯಜಮಾನಿಕೆಯೆಲ್ಲ ತಾಯಿ ವೀರಭದ್ರಮ್ಮನವರದು. ನಿಶ್ಚಿತಾರ್ಥದ ದಿನ ನಮ್ಮ ಕಡೆಯ ಯಾರೋ ಪುಣ್ಯಾತ್ಮರು ಪಂಕ್ತಿಯಲ್ಲಿ ಕೂತು, "ಸಿಟ್ಯಾಗ ಬೆಳೆದ ಹುಡುಗೀನ ಹಳ್ಳಿಗೆ ಕೊಡ್ತೀರೇನ್ರಿ?" ಎಂದು ಗಟ್ಟಿಯಾಗಿ ಕೇಳಿದ್ದರು. ವೀರಭದ್ರಮ್ಮ ಎಲೆಯಲ್ಲಿದ್ದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅದನ್ನು ನೋಡಿದವಳು ಅರುಣಾ ಒಬ್ಬಳೇ; ಆಮೇಲೆ ಅವಳೇ ನನಗೆ ಹೇಳಿದ್ದಳು.

ಹಾಗಾಗಿ ನನ್ನ ಘೋಷಣೆಯೆಲ್ಲ ಮುಗಿದ ಮೇಲೆ ಅವಳು ಒಂದೇ ಮಾತು ಹೇಳಿದಳು. "ಅಪ್ಪಾ, ನೀ ಏನರ ಮಾಡು. ಸಿಟಿ ಮಂದಿ ನಮ್ಮನ್ನ ಸಣ್ಣವ್ರು ಮಾಡಿದ್ರು ಅಂತ ನಮ್ಮ ಅತ್ತೀಗೆ ಮಾತ್ರ ಅನ್ನಿಸಬಾರದು. ನಾ ನಾಳಿ ಆ ಮನ್ಯಾಗ ಇರಾಕಿ."

ಅವಳ ದನಿಯಲ್ಲಿ ಹೆದರಿಕೆ ಇತ್ತು. ಆ ಕ್ಷಣದಲ್ಲೇ ಮಹಾ ಯೋಜನೆಯೊಂದು ಹೊಳೆಯಿತು. ಬೀಗರಿಗೆ ಗೌರವ ತೋರಿಸಬೇಕಷ್ಟೇ? ಅವರ ಊರನ್ನೇ ಎತ್ತಿ ತಂದು ಕಲ್ಯಾಣಮಂಟಪದಲ್ಲಿ ಇಟ್ಟರಾಯಿತು! ಮದುವೆಯ ಥೀಮು: "ಹಳ್ಳಿಯ ಸೊಗಡು"!

ಡೆಕೋರೇಷನ್ ಮಾಡುವ ಅಮರೇಶನನ್ನು ಕರೆಸಿದೆ. "ಬಾಗಿಲಿಗೆ ಭತ್ತದ ತೆನಿ ತೋರಣ ಬೇಕಪ್ಪಾ," ಎಂದೆ.

"ಪ್ಲಾಸ್ಟಿಕ್ ತೆನಿ ಅದಾವ್ರಿ ಅಣ್ಣಾ. ಬಾಳಿಕಿ ಬರ್ತಾವ. ಎರಡು ಗೃಹಪ್ರವೇಶ, ಒಂದು ನಾಮಕರಣ ಮಾಡ್ಯಾವ."

"ಛೀ! ದೇಶನೂರಿನ ಬೀಗರಿಗೆ ಪ್ಲಾಸ್ಟಿಕ್ ಭತ್ತಾನ? ಒರಿಜಿನಲ್ ಬೇಕು!"

ಒರಿಜಿನಲ್ ಹುಡುಕುವುದು ಸುಲಭವಲ್ಲ. ಈಗೆಲ್ಲ ಮಷೀನು ಗದ್ದೆಗೆ ಇಳಿದು ಅಲ್ಲಲ್ಲೇ ಕಾಳು ಬೇರೆ, ಹುಲ್ಲು ಬೇರೆ ಮಾಡಿಬಿಡುತ್ತದೆ. ನಾನೇ ಕುರುಗೋಡಿನ ಕಡೆ ಹೋಗಿ, ಒಬ್ಬ ರೈತರ ಕೈಕಾಲು ಹಿಡಿದು, ಮಷೀನು ಬರುವ ಮೊದಲೇ ಒಂದು ಮಡಿ ಕೈಯಲ್ಲಿ ಕೊಯ್ಯಿಸಿ, ಕಾಳು ತುಂಬಿದ ತೆನೆಯನ್ನು ಹಿಡಿ ಹಿಡಿಯಾಗಿ ಸಿವುಡು ಕಟ್ಟಿಸಿ ತಂದೆ. "ಮದುವಿಗ್ರಿ," ಎಂದಿದ್ದಕ್ಕೆ ಅವರು, "ಪೂಜಾಕ ಇರಬೇಕು, ಒಳ್ಳೇದಾಗಲಿ," ಎಂದು ಕೈ ಮುಗಿದು ಕೊಟ್ಟರು. ನಾನು ತಿದ್ದಲಿಲ್ಲ.

ಇನ್ನು ಉಡುಗೆಯ ಖಾತೆ. ಎಲ್ಲರೂ ಮಣ್ಣಿನ ಬಣ್ಣದ ಬಟ್ಟೆ ಹಾಕಬೇಕೆಂದು ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಸುತ್ತೋಲೆ ಕಳಿಸಿದೆ. ಪಾಲಿಸಿದವನು ನಾನೊಬ್ಬನೇ.

ಊಟದ ಖಾತೆಯಲ್ಲೂ ಕ್ರಾಂತಿ! ಬೆಳಗಿನ ತಿಂಡಿಗೆ ಒಗ್ಗರಣೆ ಮಂಡಕ್ಕಿಯನ್ನು ಪುಟ್ಟ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ತುಂಬಿ, ಮೇಲೊಂದು ಮಿರ್ಚಿ ಬಜ್ಜಿಯನ್ನು ಧ್ವಜಸ್ತಂಭದಂತೆ ನಿಲ್ಲಿಸಿ ಕೊಡುವುದೆಂದು ಅಡುಗೆಯವರಿಗೆ ಅಪ್ಪಣೆ ಮಾಡಿದೆ.

"ಇದು ತಿಂಡಿಯೋ, ತೀರ್ಥಪ್ರಸಾದಾನೋ?" ಎಂದಳು ದಾಕ್ಷಾಯಣಿ. "ಗದ್ದಿ ಮಾಡೋ ಮಂದಿ ರೀ ಅವ್ರು. ಅವರ ಅಂಗೈಯಾಗ ಈ ಕುಡಿಕಿ ಕಾಣಂಗೂ ಇಲ್ಲ."

"ನಿನಗ ಸೌಂದರ್ಯಪ್ರಜ್ಞೆ ಇಲ್ಲ ಲೇ!"

"ಇಲ್ರಿ. ಇದ್ದಿದ್ರ ನಿಮ್ಮನ್ನ ಮದುವಿ ಆಕ್ಕಿದ್ನೇನು?"



ಮದುವೆಯ ಹಿಂದಿನ ಸಂಜೆ ತೋರಣ ಕಟ್ಟಿ ಮುಗಿಯಿತು. ನೋಡಿದರೆ ಸಿವುಡುಗಳು ರಾಶಿ ರಾಶಿ ಉಳಿದಿವೆ. ಆಗ ನನ್ನೊಳಗಿನ ಕಲಾವಿದ ಎದ್ದು ಕುಳಿತ. ಅಲ್ಲೆಲ್ಲೋ ವಿಡಿಯೋದಲ್ಲಿ ವಧೂವರರು ಗುಲಾಬಿ ಪಕಳೆಯ ಹಾದಿಯ ಮೇಲೆ ನಡೆಯುತ್ತಾರಲ್ಲ? ಗುಲಾಬಿ ಯಾಕೆ, ನಮ್ಮ ಬೀಗರು ಚಿನ್ನದ ಬಣ್ಣದ ಭತ್ತದ ಮೇಲೆ ನಡೆದು ಬರಲಿ! ಅಮರೇಶನ ಕೈಲಿ ಗೇಟಿನಿಂದ ವೇದಿಕೆಯವರೆಗೆ, ಈ ಗೋಡೆಯಿಂದ ಆ ಗೋಡೆಗೆ, ಒಂದು ಅಂಗುಲವೂ ಜಾಗ ಬಿಡದೆ ತೆನೆ ಹಾಸಿಸಿದೆ. ದೇವಲೋಕದಲ್ಲೂ ಇಂಥ ಹಾದಿ ಇರಲಾರದು ಎನಿಸಿತು. ನಂತರ ಗೊತ್ತಾಯಿತು, ಯಾಕೆ ಇರಲಾರದು ಎಂದು.

ಬೆಳಿಗ್ಗೆ ದಿಬ್ಬಣ ಬಂತು. ಬಸ್ಸು, ಕಾರು, ಜೀಪು. ಬಾಜಾ ಬಜಂತ್ರಿ ಶುರುವಾಯಿತು. ದಾಕ್ಷಾಯಣಿ ಮತ್ತು ಮುತ್ತೈದೆಯರು ಆರತಿ ಹಿಡಿದು ಪಕ್ಕದ ಕೋಣೆಯಿಂದ ಗೇಟಿಗೆ ಬಂದರು. ನಾನು ಮಣ್ಣಿನ ಬಣ್ಣದ ಜುಬ್ಬಾ ತೊಟ್ಟು, ಬೀಗರ ಮುಖ ಅರಳುವುದನ್ನು ನೋಡಲು ಕಾದು ನಿಂತೆ.

ವೀರಭದ್ರಮ್ಮ ಮುಂದೆ ಇದ್ದರು. ಗೇಟಿನ ಹತ್ತಿರ ಬಂದವರು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು. ಅವರ ಹಿಂದಿನವರು ನಿಂತರು. ಅವರ ಹಿಂದಿನವರೂ ನಿಂತರು. ಬಸ್ಸಿನವರೆಗೂ ಜನ ನಿಂತರು! ಸೊಂಟದ ಮೇಲಿದ್ದ ಕೂಸು ಕೂಡ ಅಳು ನಿಲ್ಲಿಸಿತು. ಬಜಂತ್ರಿಯವರು ಮಾತ್ರ ಬಾರಿಸುತ್ತಲೇ ಇದ್ದರು.

"ಏಮಯ್ಯಾ ಇದಿ!" ಎಂದು ಗುಡುಗಿದರು ಒಬ್ಬ ಹಿರಿಯರು. ಮದುಮಗನ ಸೋದರಮಾವ ದೊಡ್ಡಬಸವರಾಜಪ್ಪ. ಸಿಟ್ಟು ಬಂದರೆ ತೆಲುಗು, ಇಳಿದರೆ ಕನ್ನಡ. ನಿಶ್ಚಿತಾರ್ಥಕ್ಕೆ ಬಂದಿರಲಿಲ್ಲವಾದ್ದರಿಂದ ನನ್ನ ಮುಖ ಅವರಿಗೆ ಗೊತ್ತಿರಲಿಲ್ಲ. ನನ್ನ ಜುಬ್ಬಾ ನೋಡಿ ಮಂಟಪದ ಆಳು ಎಂದುಕೊಂಡರು. "ಏ ತಮ್ಮಾ, ಕಾಳು ತುಂಬಿದ ನೆಲ್ಲು ಕಾಲಡಿ ಹಾಕಿದ ಆ ಮಹಾನುಭಾವ ಎಲ್ಲಿ ಅದಾನ? ಕರಿ ಅವನ್ನ!"

"ಅವ್ರು... ಹೊರಗ ಹೋಗ್ಯಾರ್ರಿ," ಎಂದೆ.

"ಇಲ್ಲೇ ಅದಾರಲ್ರಿ ಅಣ್ಣಾರ!" ಎಂದಳು ಆರತಿ ತಟ್ಟೆಯ ಹಿಂದಿನಿಂದ ನನ್ನ ಅರ್ಧಾಂಗಿ. "ನಮ್ಮ ಯಜಮಾನ್ರು. ಇವ್ರೇ ಹಾಕಿಸಿದ್ದು."

ಭೂಮಿ ಬಾಯಿ ಬಿಡಬಾರದೇ! ಬಿಟ್ಟಿದ್ದರೂ ಮೇಲೆ ಭತ್ತ ಇತ್ತಲ್ಲ.

"ಬೀಗ್ರೇ," ಎಂದರು ವೀರಭದ್ರಮ್ಮ, ಮೆಲ್ಲಗೆ. "ಒಂದು ಕಾಳು ಕಾಲಿಗೆ ತಾಕಿದ್ರ ಕಣ್ಣಿಗೆ ಒತ್ಕೊಳ್ಳೋ ಮಂದಿ ನಾವು. ನಮ್ಮ ಲಕ್ಷ್ಮೀನ ತುಳದು ನಾ ಸೊಸಿ ಕರಕೊಂಡು ಹೋಗಬೇಕೇನ್ರಿ?"

ಸುಮ್ಮನೆ ಕೈ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ವ್ಯಾಪಾರಿ. ಒಂದು ಮಾಲು ಬೇಡವೆಂದರೆ ಇನ್ನೊಂದು ತೋರಿಸುವುದು ರೂಢಿ. "ಬೀಗ್ತಿ, ಮ್ಯಾಲೊಂದು ಜಮಖಾನ ಹಾಸಿಬಿಡ್ತೀನ್ರಿ!" ಎಂದೆ.

"ಓಹೋ! ಲಕ್ಷ್ಮಿಗೆ ಮುಸುಕು ಹಾಕಿ ತುಳೀಬೇಕೇನು?" ಎಂದರು ದೊಡ್ಡಬಸವರಾಜಪ್ಪ.

"ಹಂಗಾರ ಹಿಂದ ಅಡಗಿಮನಿ ಬಾಗ್ಲ ಐತ್ರಿ..."

"ಬೀಗರನ್ನ ಹಿತ್ತಲ ಬಾಗ್ಲಿಂದ ಕರಸ್ತೀರಾ?" ಹಿಂದಿನಿಂದ ಹತ್ತಾರು ದನಿಗಳು ಒಟ್ಟಿಗೆ ಎದ್ದವು.

ಬಾಯಿಂದ ಕೊನೆಯ ಅಸ್ತ್ರ ಹೊರಟೇಬಿಟ್ಟಿತು. "ಅಲ್ರಿ ಯಜಮಾನ್ರ, ಹಿಂದಿನ ಕಾಲಕ್ಕ ಕಣದಾಗ ಎತ್ತು ಕಟ್ಟಿ ತುಳಸ್ತಿದ್ರಲ್ಲ?"

"ತುಳೀತಿದ್ವು. ಎತ್ತು!" ಎಂದರು ಅವರು. "ನಾವು ನಿಮ್ಮ ಕಣ್ಣಿಗೆ ಏನು ಕಂಡ್ವಿ?"

ಬಜಂತ್ರಿಯೂ ನಿಂತಿತು.

ಬಿಸಿಲು ಏರಿತು. ಬಳ್ಳಾರಿ ಬಿಸಿಲಿಗೆ ಬೀಗರು, ನೆಂಟರು ಎಂಬ ಭೇದವಿಲ್ಲ. ಒಳಗಿನಿಂದ ಮದುವೆ ಮಾಡಿಸುವ ಸ್ವಾಮಿಗಳು, "ಮುಹೂರ್ತ ಮೀರತೈತ್ರೀ!" ಎಂದು ಕೂಗಿದರು. ಮದುಮಗ ಬಾಸಿಂಗ ಕಟ್ಟಿಕೊಂಡು ಬೆವರುತ್ತ ನಿಂತಿದ್ದ. ಹಸಿದ ಮಂದಿಗೆ ಯಾರೋ ಕುಡಿಕೆಗಳನ್ನು ತಂದುಕೊಟ್ಟರು. ಒಬ್ಬ ಅಜ್ಜ ಕುಡಿಕೆಯನ್ನು ಹಣೆಗೆ ಒತ್ತಿಕೊಂಡು, ಮಂಡಕ್ಕಿಯನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿ, "ಪ್ರಸಾದ ಆತು, ನಾಷ್ಟಾ ಯಾವಾಗ್ರಿ?" ಎಂದು ಕೇಳಿದ. ನನ್ನ ಕಣ್ಣೆದುರಿಗೆ ಅರ್ಧ ಬಿಟ್ಟ ಹೋಳಿಗೆ ಬಂತು. ಮಗಳು ಕೇಳಿದ್ದು ಒಂದೇ ಒಂದು, ನಾನು ಕೆಡಿಸಿದ್ದೂ ಅದನ್ನೇ. ನಿಜ ಹೇಳುತ್ತೇನೆ, ಆಗ ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಒಳಗೆ ಗದ್ದಲ. ಮದುಮಗಳು ಕೋಣೆಯಿಂದ ಹೊರಗೆ ಬಂದಿದ್ದಳು! ಹೀಗೆ ಮುಹೂರ್ತಕ್ಕೆ ಮೊದಲು ಬರಬಾರದೆಂದು ಹೆಂಗಸರು ತಡೆದರೆ ಅವಳು ಕೇಳಬೇಕಲ್ಲ. ಹಾದಿಯ ಆ ತುದಿಯಲ್ಲಿ ನಿಂತು ನೋಡಿದಳು. ಭತ್ತ ಕಂಡಿತು, ಗೇಟಿನಲ್ಲಿ ನಿಂತ ಅತ್ತೆ ಕಂಡರು, ಅವರ ಪಕ್ಕದಲ್ಲಿ ಬೆದರುಗೊಂಬೆಯ ಹಾಗೆ ನಿಂತ ಅಪ್ಪ ಕಂಡ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ ಮೊದಲ ಸಿವುಡು ಎತ್ತಿ ಕಣ್ಣಿಗೆ ಒತ್ತಿಕೊಂಡು ತೋಳಿನ ಮೇಲೆ ಹಾಕಿಕೊಂಡಳು. ಆಮೇಲೆ ಇನ್ನೊಂದು.

ವೀರಭದ್ರಮ್ಮ ನೋಡುತ್ತ ನಿಂತರು. ಆಮೇಲೆ ಕೈಚೀಲವನ್ನು ದೊಡ್ಡಬಸವರಾಜಪ್ಪನವರ ಕೈಗೆ ತುರುಕಿ, ಅವರೂ ಸೆರಗು ಸಿಕ್ಕಿಸಿ ಬಗ್ಗಿದರು. ಅವರ ಕೈಯ ವೇಗ ಏನು ಹೇಳಲಿ! ಇತ್ತ ಕಡೆಯಿಂದ ಅತ್ತೆ, ಅತ್ತ ಕಡೆಯಿಂದ ಸೊಸೆ. ಅವರನ್ನು ನೋಡಿ ಬೀಗರ ಹೆಂಗಸರು, ನಮ್ಮ ಹೆಂಗಸರು, ಕೊನೆಗೆ ದೊಡ್ಡಬಸವರಾಜಪ್ಪನವರೂ ಪಂಚೆ ಎತ್ತಿ ಕಟ್ಟಿದರು. "ತೆನಿ ಒಂದ್ ಕಡಿ ಇಡ್ರೀ! ಕಾಳು ಉದುರ್ತಾವ!" ಎಂದು ಅವರು ಕೂಗಿದ್ದು ಈಗ ಅಪ್ಪಟ ಕನ್ನಡದಲ್ಲಿ. ಅಷ್ಟೊಂದು ಜರತಾರಿ ಸೀರೆಗಳು ಸುಗ್ಗಿ ಮಾಡುವುದನ್ನು ಬಳ್ಳಾರಿ ಹಿಂದೆಂದೂ ನೋಡಿರಲಿಕ್ಕಿಲ್ಲ!

ಅತ್ತೆ ಸೊಸೆ ಅಂಗಳದ ನಡುವೆ ಎದುರಾದರು. ಇಬ್ಬರ ತೋಳಿನಲ್ಲೂ ಭತ್ತ. ಅರುಣಾಳ ಕಣ್ಣಲ್ಲಿ ನೀರು.

"ತಪ್ಪಾತ್ರಿ ಅತ್ತಿ. ನಮ್ಮಪ್ಪ ನಿಮಗ ಚೆಂದ ಕಾಣ್ಲಿ ಅಂತ ಮಾಡಿದ್ದು..."

"ಗೊತ್ತಾತು ಬಿಡವಾ," ಎಂದರು ವೀರಭದ್ರಮ್ಮ. ಮೊಳಕೈಯಿಂದಲೇ ಅವಳ ಕಣ್ಣು ಒರೆಸಿದರು. "ಹಳ್ಳಿಗೆ ಹೆಂಗ ಹೊಂದ್ಕೊಂತಾಳೋ ಅಂತ ನನಗೂ ಅಂಜಿಕಿ ಇತ್ತು. ಬಾಸಿಂಗ ಕಟ್ಕೊಂಡು ಸಿವುಡು ಎತ್ತಿದಾಕಿ ನಮ್ಮೂರಾಗೂ ಯಾರಿಲ್ಲ." ಎಂದು ನಕ್ಕುಬಿಟ್ಟರು.

ನಾನು ಮುಖ ತಿರುಗಿಸಿ ಜುಬ್ಬಾದ ತೋಳಿನಿಂದ ಮೂಗು ಒರೆಸಿಕೊಂಡೆ. ಜುಬ್ಬಾದ ಬಣ್ಣದಿಂದ ಆದ ಲಾಭ ಅದೊಂದೇ.

ಸಿವುಡುಗಳೆಲ್ಲ ವೇದಿಕೆಯ ಪಕ್ಕದಲ್ಲಿ ಒಪ್ಪವಾಗಿ ಕೂತವು. ಆದರೆ ಉದುರಿದ ಕಾಳು? ಹಾದಿಯ ತುಂಬ ಚೆಲ್ಲಿದ್ದವು. ಪೊರಕೆ ತರಲು ಹೋದೆ. "ಪೊರಕಿ ಮುಟ್ಟಿಸ್ತೀರೇನ್ರಿ ಕಾಳಿಗೆ?" ಎಂದು ದಾಕ್ಷಾಯಣಿ ಹಲ್ಲು ಕಚ್ಚಿದಳು. ಮುಂದಿನದು ನೀವೇ ಊಹಿಸಬಹುದು. ಕಲ್ಯಾಣಮಂಟಪದ ಅಂಗಳದಲ್ಲಿ, ಸಮಸ್ತ ಬಂಧುಬಳಗದ ಸಮ್ಮುಖದಲ್ಲಿ, ವಧುವಿನ ತಂದೆ ಎರ್ರಿಸ್ವಾಮಿಯವರು ಮೊಣಕಾಲೂರಿ ಒಂದೊಂದೇ ಕಾಳು ಆರಿಸಿ ಟವೆಲ್ಲಿಗೆ ಹಾಕಿದರು! ಫೋಟೋದವರು ಎಲ್ಲ ಕೋನಗಳಿಂದಲೂ ತೆಗೆದರು. ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಫೋಟೋಗಳಿಗಿಂತ ಅವೇ ಹೆಚ್ಚಿವೆ.

ಮುಹೂರ್ತ ಮೀರುವ ಮೊದಲೇ ಬೀಗರು ಒಳಗೆ ಕಾಲಿಟ್ಟರು. ಅಕ್ಕಿಕಾಳು ಬಿದ್ದು ತಾಳಿ ಕಟ್ಟಿದ್ದಾಯಿತು. ಊಟಕ್ಕೆ ಕೂತಾಗ ನನಗೆ ಮತ್ತೆ ಅಳುಕು. ಆ ಕುಡಿಕೆಗಳನ್ನೇ ಬಡಿಸಿಬಿಟ್ಟರೆ? ನೋಡಿದರೆ ಎಲೆಯ ತುಂಬ ಗೋಧಿ ಹುಗ್ಗಿ, ತುಪ್ಪ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ! ನನ್ನ ಖಾತೆಯನ್ನು ದಾಕ್ಷಾಯಣಿ ಯಾವಾಗಲೋ ಸದ್ದಿಲ್ಲದೆ ಕಿತ್ತುಕೊಂಡಿದ್ದಳು. ವೀರಭದ್ರಮ್ಮ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡರು. ನನ್ನ ಹೊಟ್ಟೆ ತುಂಬಿತು.

ಸಂಜೆ ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಅರುಣಾಳ ಕೈಯನ್ನು ಅವಳ ಅತ್ತೆಯ ಕೈಯಲ್ಲಿಟ್ಟು, "ನಮ್ಮ ಮಗಳು ಇನ್ನ ನಿಮ್ಮ ಮಗಳ್ರಿ," ಎನ್ನುವಷ್ಟರಲ್ಲಿ ನನ್ನ ದನಿ ಒಡೆಯಿತು. ಅವಳೂ ಬಿಕ್ಕಿದಳು. ದಾಕ್ಷಾಯಣಿಯೂ. ಬಸ್ಸಿನ ಡ್ರೈವರೂ ಕಣ್ಣೊರೆಸಿಕೊಂಡ.

"ಅಳಬ್ಯಾಡ್ರಿ ಬೀಗ್ರೇ," ಎಂದರು ವೀರಭದ್ರಮ್ಮ. "ಈ ಸಲ ಸುಗ್ಗಿಗೆ ನೀವು ನಮ್ಮೂರಿಗೆ ಬರಾಕಬೇಕು. ಇಲ್ಲಂದ್ರ ನಮಗ ನಡಿಯಂಗಿಲ್ಲ."

ನನ್ನ ಎದೆ ಉಬ್ಬಿತು. ಕಲೆಗೆ ಬೆಲೆ ಕಟ್ಟುವವರು ಕೊನೆಗೂ ಸಿಕ್ಕರು! "ಡೆಕೋರೇಷನ್ ಮಾಡಾಕೇನ್ರಿ?" ಎಂದೆ.

"ಅಯ್ಯ ಶಿವನ! ಅಲ್ರಿ, ಮಷೀನು ಕೊಯ್ದು ಹೋದ ಮ್ಯಾಲ ಗದ್ದ್ಯಾಗ ಕಾಳು ಬಾಳ ಬಿದ್ದಿರ್ತಾವ. ನಿಮ್ಮಂಗ ಬಗ್ಗಿ ಒಂದೂ ಬಿಡದಂಗ ಆರಿಸೋ ಆಳು ನಮ್ಮ ಸೀಮಿಯಾಗ ಹುಡುಕಿದ್ರೂ ಸಿಗಂಗಿಲ್ಲ!"

ಅಳುತ್ತಿದ್ದ ಅರುಣಾ ಕಿಸಕ್ಕನೆ ನಕ್ಕಳು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ದಾಕ್ಷಾಯಣಿ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು, ಅದನ್ನೂ ವೀರಭದ್ರಮ್ಮನವರ ಮುಂದೆ ಚಾಚಿದಳು.

"ಕರಕೊಂಡು ಹೋಗ್ರಿ ಬೀಗ್ತಿ. ಸುಗ್ಗಿ ಮುಗಿಯೋತನಕ ಅಲ್ಲೇ ಇಟ್ಕೊಳ್ರಿ. ಏನರ ತಪ್ಪು ಮಾಡಿದ್ರ ನಿಮ್ಮ ಮನಿ ಎತ್ತು ಅಂದ್ಕೊಂಡು ಹೊಟ್ಟ್ಯಾಗ ಹಾಕ್ಕೊಳ್ರಿ!"

ಅವತ್ತು ನಮ್ಮ ಮನೆಯಿಂದ ಒಪ್ಪಿಸಿಕೊಟ್ಟದ್ದು ಮಗಳೊಬ್ಬಳನ್ನೇ ಅಲ್ಲ.