ಆದೆಪ್ಪ ಡ್ಯೂಟಿಗೆ ಮರಳಿದ್ದು

ಕಾಮಾಲೆ ಬಂದು ಹದಿನೈದು ದಿನ ಮಲಗಿದ್ದ ಆದೆಪ್ಪ, ಕಲ್ಯಾಣದುರ್ಗದ ಕಡಲೆಕಾಯಿ ಬೀಜದ ಕಂಪನಿಗೆ ಮರಳಿದಾಗ ಮೊದಲು ಮಾಡಬೇಕಾಗಿದ್ದ ಕೆಲಸ ಒಂದೇ. ‘ಇವತ್ತಿನಿಂದ ಮತ್ತೆ ಡ್ಯೂಟಿಗೆ ಬಂದಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಹಿಂದೂಪುರದ ಹೆಡ್ ಆಫೀಸಿಗೆ ಫ್ಯಾಕ್ಸ್ ಕಳಿಸುವುದು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಆ ಕಂಪನಿಯ ಹೆಡ್ ಆಫೀಸಿಗೆ ಫ್ಯಾಕ್ಸ್ ಬಂದಿತ್ತು, ಅದರ ಜೊತೆಗೆ ಇಂಗ್ಲಿಷೂ ಬಂದಿತ್ತು.

“‘ರಿ’ ಅಂತ ಶುರುವಾಗೋ ಪದ ಕಣ್ಲಾ ಬೋರಪ್ಪ. ನಾಲಿಗೆ ತುದೀಲೈತೆ, ಈಚೆಗೆ ಬತ್ತಾ ಇಲ್ಲ” ಎಂದು ಆದೆಪ್ಪ ಪೆನ್ನು ಕಚ್ಚಿದ.

ಅಟೆಂಡರ್ ಬೋರಪ್ಪ ನೆಲ ಗುಡಿಸುತ್ತಲೇ ಹೇಳಿದ: “ರಿಸೈನ್ ಅಲ್ವೇನಣ್ಣೋ? ಸೈನ್ ಅಂದ್ರೆ ರುಜು. ರಜೆಗೆ ಮುಂಚೆ ದಿನಾ ರಿಜಿಸ್ಟರಲ್ಲಿ ಹಾಕ್ತಿದ್ದೆ. ಈಗ ತಿರುಗಾ ಹಾಕ್ತೀಯ. ಅದೇ ರಿ-ಸೈನ್!”

ಆದೆಪ್ಪನಿಗೆ ಆ ತರ್ಕದಲ್ಲಿ ಒಂದು ತೂತೂ ಕಾಣಲಿಲ್ಲ. ಹಾಗೇ ಬರೆದು, ಎದುರಿನ ಎಸ್‌ಟಿಡಿ ಬೂತಿನಲ್ಲಿ ಕಳಿಸಿಬಿಟ್ಟ. ಯಂತ್ರ ಎಮ್ಮೆ ಹುಲ್ಲೆಳೆದುಕೊಂಡಂತೆ ಕಾಗದ ಎಳೆದುಕೊಂಡು ಹಿಂದಿನಿಂದ ಹೊರಗೆ ಹಾಕಿತು. ಫೋನಿಗೆ ಕಾಯುತ್ತಿದ್ದ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ನಿರ್ಮಲಮ್ಮ ಅದನ್ನು ಕೇಳದೆಯೇ ಓದಿದರು. ಬೇರೆಯವರ ಕಾಗದ ಓದುವುದು ಅವರಿಗೆ ಪೇಪರ್ ತಿದ್ದಿದಷ್ಟೇ ಸಹಜ.

“ಯಾಕಪ್ಪ ಆದೆಪ್ಪ, ಕೆಲ್ಸ ಬಿಟ್ಬುಟ್ಟೆ?”

“ಬಿಟ್ಟಿಲ್ಲ ಟೀಚರ್, ಸೇರ್ಕೊಂಡೆ.”

“ಸೇರ್ಕೊಳ್ಳೋದು ರಿಸ್ಯೂಮ್ ಕಣಪ್ಪ. ರಿಸೈನ್ ಅಂದ್ರೆ ರಾಜೀನಾಮೆ!”

ಆದೆಪ್ಪನಿಗೆ ಕಾಮಾಲೆ ಒಂದೇ ಸಲಕ್ಕೆ ವಾಪಸು ಬಂದಂತಾಯಿತು. ಹೆಡ್ ಆಫೀಸಿಗೆ ಫೋನ್ ಮಾಡಿದ. ಅಲ್ಲಿನ ಗುಮಾಸ್ತೆ ತನುಜಾ, “ಬಂತು ಸಾರ್, ಇನ್‌ವರ್ಡ್ ನಂಬರೂ ಹಾಕಿ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟೆ. ಇನ್ನು ಹರಿಯೋಕೆ ಅವ್ರಿಗೇ ಅಧಿಕಾರ” ಎಂದಳು.

“ನಾನೇ ಹೋಯ್ತೀನಿ. ಆ ಕಾಗದ ಹರಿಸ್ದೆ ಈ ಊರಿಗೆ ಕಾಲಿಡಾಕಿಲ್ಲ” ಎಂದು ಆದೆಪ್ಪ ಪಂಚೆ ಎತ್ತಿಕಟ್ಟಿದ. ನಿರ್ಮಲಮ್ಮ ತಮ್ಮ ಚೀಲದಿಂದ ಡಿಕ್ಷನರಿ ತೆಗೆದುಕೊಟ್ಟರು. ಆಮೇಲೆ ಆ ಫ್ಯಾಕ್ಸಿನ ಕಾಗದ ಹಿಡಿದು ಆಫೀಸಿಗೆ ನಡೆದು, ರಿಸೈನು, ರಿಸ್ಯೂಮು, ರಿಟೈರು, ರಿಲೀವು ಎಲ್ಲವನ್ನೂ ಬೋರಪ್ಪನಿಗೆ ಬಿಡಿಸಿ ಹೇಳಿ, ಅರ್ಧ ಗಂಟೆ ಬೈದರು.

ಬಸ್ಸಿನಲ್ಲಿ ಆದೆಪ್ಪನ ಕತೆ ಪೆನುಕೊಂಡ ದಾಟುವ ಹೊತ್ತಿಗೆ ಕೊನೆಯ ಸೀಟಿನವರೆಗೂ ತಲುಪಿತ್ತು. “ಕಾಲ್ಮೇಲೆ ಬೀಳಪ್ಪ” ಎಂದರು ಒಬ್ಬರು. “ಹುಚ್ಚು ಹಿಡ್ದಿತ್ತು ಅಂತ ಸರ್ಟಿಫಿಕೇಟ್ ತಾ” ಎಂದಳು ಪಕ್ಕದಲ್ಲಿ ಕೂತಿದ್ದ ನರಸಕ್ಕ ಎಂಬ ಮುದುಕಿ. ಸೋಮಂದೇಪಲ್ಲಿಯ ಹತ್ತಿರ ಟೈರು ಢಂ ಎಂದಿತು. “ದಿಗಂಡಿ, ಅಂದರೂ ದಿಗಂಡಿ!” ಎಂದು ಕಂಡಕ್ಟರ್ ತೆಲುಗಿನಲ್ಲಿ ಕೂಗಿ ಎಲ್ಲರನ್ನೂ ಇಳಿಸಿದ. ಆದೆಪ್ಪ ನಿಲ್ಲಲಿಲ್ಲ. ರೇಷ್ಮೆಗೂಡಿನ ಟೆಂಪೊಗೆ ಅಡ್ಡ ನಿಂತು, ಮೂಟೆಗಳ ಮೇಲೆ ಹತ್ತಿ ಕೂತ. ಹೆಡ್ ಆಫೀಸಿನ ಮೆಟ್ಟಿಲು ಹತ್ತುವಾಗ ಅವನೇ ಅರ್ಧ ಬಿಚ್ಚಿದ ಗೂಡಿನಂತಿದ್ದ.

ಮ್ಯಾನೇಜರ್ ರುದ್ರಮುನಿ ಮುಖವರಳಿಸಿದರು. “ಬಾರಪ್ಪ ಆದೆಪ್ಪ! ಎಷ್ಟು ಅಚ್ಚುಕಟ್ಟಾಗಿ ಬರ್ದಿದೀಯ! ‘ಅಕ್ಸೆಪ್ಟೆಡ್’ ಅಂತ ಬರ್ದು ಸೀಲೂ ಹೊಡ್ದೆ.”

“ಅದನ್ನ ಹರೀಬೇಕು ಸಾರ್. ಪದ ತಪ್ಪೈತೆ.”

“ಏನು ತಪ್ಪು? ಸರಿಯಾಗೇ ಐತೆ.”

“ರಿಸೈನ್ ಅಂದ್ರೆ ಕೆಲ್ಸ ಬಿಡೋದು ಸಾರ್.”

ರುದ್ರಮುನಿಯ ನಗು ಮಾಯವಾಯಿತು. “ಮೂವತ್ತು ವರ್ಷ ಆಯ್ತು ಈ ಕುರ್ಚೀಲಿ. ನಂಗೇ ಇಂಗ್ಲಿಷ್ ಹೇಳ್ಕೊಡ್ತೀಯೇನಯ್ಯ? ಎದ್ದೋಗು!”

ಆದೆಪ್ಪ ಏಳಲಿಲ್ಲ. ಅವರು ಊಟಕ್ಕೆ ಹೊರಟರೆ ಬಾಗಿಲಿಗೆ ಅಡ್ಡ ಕೂತ. ಬೈದರೂ ಕದಲಲಿಲ್ಲ. ಡಿಕ್ಷನರಿಯನ್ನು ಬಿಲ್ವಪತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು, “ಒಂದ್ಸಲ ನೋಡಿ ಸಾರ್” ಎಂದ. ಹಸಿವು ತಡೆಯಲಾರದೆ ರುದ್ರಮುನಿ ಕನ್ನಡಕ ಏರಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು.

“ಆದೆಪ್ಪ... ನಿನ್ನೆ ರಜೆ ಮುಗಿಸಿ ಶ್ರೀಶೈಲದಿಂದ ಬಂದು, ಕಂಪನಿ ಸಾಹುಕಾರರಿಗೆ ನಾನೂ ಇದೇ ಪದ ಬರ್ದು ಕೊಟ್ಟೀನಿ ಕಣೋ.”

“ಹಂಗಾದ್ರೆ ನಂದು ಮೊದ್ಲು ಹರೀರಿ ಸಾರ್!”

“ನನ್ನ ಕೆಲ್ಸ ಉಳಿದ್ರೆ ತಾನೆ ನಿಂದು ಹರಿಯೋಕೆ ಅಧಿಕಾರ? ತನುಜಾ! ಸಾಹುಕಾರರು ಎಲ್ಲವ್ರೆ?”

“ಬೆಳಿಗ್ಗೇನೇ ಕಾರಲ್ಲಿ ಕಲ್ಯಾಣದುರ್ಗಕ್ಕೆ ಹೋದ್ರು ಸಾರ್, ಅಲ್ಲಿ ಆಫೀಸ್ ನೋಡಾಕೆ.”

ರುದ್ರಮುನಿ ಕಲ್ಯಾಣದುರ್ಗದ ಆಫೀಸಿಗೆ ಫೋನ್ ತಿರುಗಿಸಿದರು. ಸಾಹುಕಾರ ಶಿವಯೋಗಪ್ಪನವರ ದನಿ ರೂಮಿನ ತುಂಬಾ ಕೇಳಿಸಿತು.

“ರುದ್ರಮುನಿ, ನಿನ್ನ ಕಾಗದ ಈಗ ತಾನೆ ಓದಿಸ್ಕೊಂಡೆ. ಬೇಜಾರಾಯ್ತು, ಆದ್ರೂ ಒಪ್ಕೊಂಡಿದೀನಿ, ವಯಸ್ಸಾಯ್ತಲ್ಲ. ಇಲ್ಲಿ ಬಂದ್ರೆ ಆದೆಪ್ಪನೂ ಇವತ್ತೇ ಕೆಲ್ಸ ಬಿಟ್ಟೋಗವ್ನೆ! ಬೋರಪ್ಪ ಅಂತ ಅಟೆಂಡ್ರು, ಅವ್ನೇ ಎರಡು ಕಾಗದಾನೂ ಓದಿ ಹೇಳ್ದ. ರಿಸೈನು, ರಿಸ್ಯೂಮು, ರಿಟೈರು... ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳ್ದ ಕಣಯ್ಯ! ಇಷ್ಟು ಇಂಗ್ಲಿಷ್ ಬಲ್ಲೋನ ಕೈಗೆ ಪೊರಕೆ ಕೊಟ್ಟಿದ್ರಲ್ಲ! ಆದೆಪ್ಪನ ಕುರ್ಚೀಲಿ ಅವನ್ನೇ ಕೂರಿಸ್ಬುಟ್ಟೆ.”