ಚಿಕ್ಕಬಸಪ್ಪನ ಬಂಡೆ ಬೂಟು

ಅಟ್ಟದ ಮೇಲಿನ ಗಡಿಗೆ ಇಳಿಸಬೇಕಾದರೂ ಚಿಕ್ಕಬಸಪ್ಪನಿಗೆ ಒಂದು ಏಣಿ ಬೇಕು, ಏಣಿ ಹಿಡಿಯಲು ಹೆಂಡತಿ ಸುನಂದಮ್ಮ ಬೇಕು. ಅಂಥವನು ಅತ್ತೆಮನೆಯ ಊಟದಲ್ಲಿ, ಮೂರನೆಯ ಮುದ್ದೆಯ ಹುಮ್ಮಸ್ಸಿನಲ್ಲಿ, ಊರ ಹಿಂದಿನ ಬಂಡೆ ಹತ್ತಿ ತೋರಿಸುತ್ತೇನೆಂದು ಎಲ್ಲರೆದುರು ಘೋಷಿಸಿಬಿಟ್ಟ. ಕಾರಣ ಭಾವಮೈದ ಯತೀಶ. ಮೈಸೂರಿನ ಕಾಲೇಜಿನಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ವಿದ್ಯೆ ಕಲಿತು ಬಂದಿದ್ದ. ಅತ್ತೆ ಮರಮ್ಮ ಮಗನನ್ನು ಹೊಗಳುವ ಭರದಲ್ಲಿ ಅಳಿಯನಿಗೆ ಸಾರು ಬಡಿಸುವುದನ್ನೇ ಮರೆತರು. ಅಳಿಯನ ಪೌರುಷ ಕೆರಳಿದ್ದು ಆಗಲೇ.

ಮಾತು ಕೊಟ್ಟ ಮೇಲೆ ಬೂಟಿನ ಚಿಂತೆ ಹತ್ತಿತು. ಯತೀಶ ಫೋನಿನಲ್ಲಿ ಬೂಟಿನ ಲಕ್ಷಣ ವಿವರಿಸಿದ: ಅಡಿಯ ರಬ್ಬರು ಕಲ್ಲಿಗೆ ಅಂಟುವಂತಿರಬೇಕು, ಮೂತಿ ಚೂಪಾಗಿರಬೇಕು, ಒಳಗೆ ಗಾಳಿ ಆಡುವಷ್ಟೂ ಜಾಗ ಇರಬಾರದು, ಮೊದಮೊದಲು ಒಂದಿಷ್ಟು ನೋಯುತ್ತದೆ. ತಾನೇ ಬಂದು ಆರಿಸಿಕೊಡುತ್ತೇನೆಂದೂ ಹೇಳಿದ. ಚಿಕ್ಕಬಸಪ್ಪ ಬೇಡವೆಂದ. ಹೊಗೆಸೊಪ್ಪಿನ ಎಲೆಯನ್ನು ಮುಟ್ಟಿಯೇ ದರ್ಜೆ ಹೇಳುವವನಿಗೆ ಒಂದು ಜೊತೆ ಬೂಟು ಆರಿಸಲು ಬಾರದೇ?

ಹುಣಸೂರಿನ ಅಂಗಡಿಗಳಲ್ಲಿ ವಿಚಾರಿಸಿದ. ಒಬ್ಬ ಕೆಸರಿಗೆ ಇಳಿಯುವ ಗಂಬೂಟು ತೋರಿಸಿದ. ಇನ್ನೊಬ್ಬ, ಬಂಡೆ ಹತ್ತುವಂಥದ್ದು ಏನಾಯಿತು, ಮನೆಯಲ್ಲಿ ಜಗಳವೇ ಎಂದು ಮೆಲ್ಲಗೆ ಕೇಳಿದ. ಕೊನೆಗೆ ಗುರುಪುರದ ಹತ್ತಿರದ ಟಿಬೆಟನ್ ಕ್ಯಾಂಪಿನಲ್ಲಿ, ಒಂದು ಅಂಗಡಿಯ ಸ್ವೆಟರುಗಳ ಹಿಂದೆ, ಹೊರದೇಶದ ಬೂಟುಗಳ ರಾಶಿ ಕಣ್ಣಿಗೆ ಬಿತ್ತು. ಕೆಂಪು ಬಣ್ಣ, ಚೂಪು ಮೂತಿ, ಬಾಳೆಹಣ್ಣಿನಂತೆ ಒಂದು ಪಕ್ಕಕ್ಕೆ ಬಾಗಿದ ದೇಹ. ಎರಡೂ ಕಾಲಿಗೆ ಹಾಕಿ ನೋಡಿ ಎಂದು ಅಂಗಡಿಯವರು ಹೇಳಿದರೂ ಚಿಕ್ಕಬಸಪ್ಪ ಎಡಗಾಲಿಗೆ ಮಾತ್ರ ಹಾಕಿ ನೋಡಿದ. (ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಪರದೇಶದ ಬೂಟಿಗೆ ತೋರಿಸುವುದು ಹೇಗೆ?) ಇನ್ನೊಂದನ್ನು ತಾನೇ ರಾಶಿಯಿಂದ ಹೆಕ್ಕಿ ಚೀಲಕ್ಕೆ ತುರುಕಿಕೊಂಡ.

ಮನೆಯಲ್ಲಿ ಹಾಕಿಕೊಂಡಾಗ ಎಡಗಾಲು ಸುಮ್ಮನಿತ್ತು, ಬಲಗಾಲು ಬೊಬ್ಬೆ ಹೊಡೆಯಿತು. ನಡೆದರೆ ಮೈಯೆಲ್ಲ ಎಡಕ್ಕೇ ಎಳೆಯುತ್ತಿತ್ತು. ಅಡುಗೆಮನೆಗೆಂದು ಹೊರಟವನು ಕೊಟ್ಟಿಗೆ ಸೇರಿದ.

"ಬಲಗಾಲಿಂದು ಯಾಕೋ ಸರಿ ಕಾಣಾಕಿಲ್ಲ ಕಣ್ರೀ," ಅಂದಳು ಸುನಂದಮ್ಮ.

"ನೋಯ್ತಾ ಐತೆ ಅಂದ್ರೆ ಸರಿಯಾಗೈತೆ ಅಂತ. ಬಲಗಾಲಿಂದು ಇನ್ನೂ ಸರಿಯಾಗೈತೆ, ಅಷ್ಟೇಯ. ಇದು ಸೈನ್ಸು ಕಣೇ, ನಿಂಗೆ ತಿಳಿಯಾಕಿಲ್ಲ ಬುಡು."

ಭಾನುವಾರ ಬಂಡೆಯ ಬುಡದಲ್ಲಿ ಅತ್ತೆಮನೆಯ ಬಳಗವೆಲ್ಲ ನೆರೆಯಿತು. ಯತೀಶ ನೆತ್ತಿಯ ಮೇಲೆ ನಿಂತು ಹಗ್ಗ ಇಳಿಬಿಟ್ಟ. ಅವನು ಮೇಲಿಂದ ಹೇಳಿಕೊಟ್ಟಂತೆ ಸುನಂದಮ್ಮ ಗಂಡನ ಸೊಂಟಕ್ಕೆ ಗಂಟು ಬಿಗಿದಳು. ಚಿಕ್ಕಬಸಪ್ಪ ಮನೆದೇವರನ್ನು ನೆನೆದು ಆರೋಹಣ ಆರಂಭಿಸಿದ. ಮನಸ್ಸು ಮೇಲಕ್ಕೆ ಹೊರಟಿತು, ಕಾಲುಗಳು ಎಡಕ್ಕೆ ಹೊರಟವು. ಎತ್ತಿನ ಎತ್ತರಕ್ಕೆ ಹೋಗುವಷ್ಟರಲ್ಲಿ ಬಂಡೆಯ ಬಿರುಕಿನಲ್ಲಿ ಬೆಳೆದಿದ್ದ ಕಳ್ಳಿಗಿಡವೊಂದನ್ನು ಅವನು ಗಾಢವಾಗಿ ಆಲಿಂಗಿಸಿದ್ದ. ಅವನ ಕೂಗಿಗೆ ಬಂಡೆಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

ಯತೀಶ ಅವನನ್ನು ಗೊಬ್ಬರದ ಮೂಟೆಯಂತೆ ಹಗ್ಗದಲ್ಲೇ ಇಳಿಸಿ, ಓಡಿ ಬಂದು, ಹರಳೆಣ್ಣೆ ಸವರಿ ಬೂಟು ಕಿತ್ತ. ಎರಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದ.

"ಭಾವ, ಎರಡೂ ಎಡಗಾಲಿಂದೇಯ. ಅದ್ರಲ್ಲೂ ಒಂದು ಹೆಂಗಸ್ರ ಸೈಜು."

ಮೊದಲು ಬಾಯಿಗೆ ಹೋದದ್ದು ಮರಮ್ಮನ ಸೆರಗು. ಆಮೇಲೆ ನಗದೆ ಉಳಿದದ್ದು ಸುನಂದಮ್ಮ ಒಬ್ಬಳೇ. ಅವಳು ಗಂಡನ ಅಂಗೈಯಿಂದ ಮುಳ್ಳು ತೆಗೆಯುತ್ತಿದ್ದಳು.

ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಾಗ ಅವಮಾನ ಕರಗಿ, ಚಿಕ್ಕಬಸಪ್ಪನಿಗೆ ಒಳಗೊಳಗೇ ಹಿಗ್ಗಾಗತೊಡಗಿತು. ತಪ್ಪು ಬೂಟಿನದು, ತನ್ನದಲ್ಲ. ಇನ್ನು ಯಾರೂ ತನ್ನನ್ನು ಹತ್ತು ಎನ್ನುವಂತಿಲ್ಲ. ಹಾಳಾದ್ದನ್ನು ವಾಪಸ್ಸು ಕೊಟ್ಟು ಬಾ ಎಂದು ಮರುದಿನ ಹೆಂಡತಿಯನ್ನು ಉದಾರವಾಗಿ ಕಳಿಸಿಕೊಟ್ಟ.

ಸಂಜೆ ಸುನಂದಮ್ಮ ಬಂದಳು. ಚೀಲ ಹೋಗುವಾಗ ಇದ್ದುದಕ್ಕಿಂತ ದಪ್ಪವಾಗಿತ್ತು.

"ಅಂಗಡಿಯೋರು ಬಲು ಖುಷಿಪಟ್ರು ಕಣ್ರೀ. ಇವುಗಳ ಜೊತೆದು ಎರಡು ಬಲಗಾಲಿಂದು ಅಲ್ಲೇ ಅನಾಥವಾಗಿ ಬಿದ್ದಿದ್ವಂತೆ."

ನಾಲ್ಕೂ ಬೂಟು ಹೊರಗೆ ತೆಗೆದು, ಸಣ್ಣ ಜೊತೆಯನ್ನು ತಾನು ಹಾಕಿಕೊಂಡು, ನಡುಮನೆಯಿಂದ ಬಾಗಿಲವರೆಗೆ ನೆಟ್ಟಗೆ ನಡೆದು ನೋಡಿದಳು.

"ದೊಡ್ಡದು ನಿಮಗೆ. ಯತೀಶಂಗೆ ಫೋನ್ ಮಾಡಿವ್ನಿ. ಕಾಕನಕೋಟೆ ಕಡೆ ಇನ್ನೂ ದೊಡ್ಡ ಬಂಡೆ ಐತಂತೆ. ಭಾನುವಾರ ಇಬ್ರೂ ಹತ್ತಾಣ."

ಚಿಕ್ಕಬಸಪ್ಪ ಕೊನೆಯ ಆಸೆಯಿಂದ ದೊಡ್ಡ ಜೊತೆಗೆ ಕಾಲು ತೂರಿಸಿ, ಅಯ್ಯೋ ಎನ್ನಲು ಬಾಯಿ ತೆರೆದ. ದರಿದ್ರದ ಬೂಟು ಎಲ್ಲೂ ನೋಯಲಿಲ್ಲ.