ಬಚ್ಚಲಿಗೆ ಬಂದ ಕೋಟೆ

ತಪ್ಪು ಮಾಡಿದವನಿಗೆ ಮೊದಲು ಬೇಕಾಗುವುದು ಕ್ಷಮೆಯಲ್ಲ, ತಪ್ಪು ಹೊರಿಸಲು ಇನ್ನೊಬ್ಬ. ನನಗೂ ಒಬ್ಬ ಸಿಕ್ಕಿದ್ದ, ಹತ್ತೇ ದಿನದ ಮಟ್ಟಿಗೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಪಕ್ಕದ ಕೋಟೆಯನ್ನು ಯಾವನೋ ಪಾಳೇಗಾರ ಕಟ್ಟಿಸಿದನಂತೆ. ಅವನು ಸೋತ ಮೇಲೆ ಅದು ಕಣಜವಾಯಿತು, ಆಮೇಲೆ ಬೆಲ್ಲದ ಗೋದಾಮು, ಆಮೇಲೆ ನಾನು ಮಗ್ಗಿ ತಪ್ಪಿ ಏಟು ತಿಂದ ಶಾಲೆ, ಈಗ ಶಿಲ್ಪ, ಚಿತ್ರಗಳ ಮ್ಯೂಸಿಯಂ. ಶತ್ರುಗಳು ಕೆಡವಿದ್ದು ಕಡಿಮೆ, ನಾವು ಹೊತ್ತೊಯ್ದದ್ದೇ ಹೆಚ್ಚು. ಊರಲ್ಲಿ ಕೋಟೆಯ ಕಲ್ಲಿಲ್ಲದ ಮನೆಯಿಲ್ಲ. ನಮ್ಮ ತಾತ ಎತ್ತಿನ ಗಾಡಿಯಲ್ಲಿ ಒಂದು ಚಪ್ಪಡಿ ತಂದು ಬಚ್ಚಲುಮನೆಗೆ ಹಾಸಿದ್ದ. ಮೂರು ತಲೆಮಾರು ಅದರ ಮೇಲೆ ಮಿಂದು ಅದು ನುಣ್ಣಗಾಗಿತ್ತು.

"ಕಲ್ಲು ಜಾರ್ತದೆ ಕಣ್ಲಾ. ಒಳ್ಕಲ್ ಕುಟ್ಟೋನು ಬಂದವ್ನೆ, ಕರ್ದು ನಾಕ್ ಕಚ್ಚು ಆಕ್ಸು" ಎಂದು ನಮ್ಮವ್ವ ಹೇಳಿದಾಗಲೆಲ್ಲ ನಾನು ಪೇಪರಿನ ಹಿಂದಿನಿಂದಲೇ "ನಾಳೆ ಬುಡವ್ವ" ಎನ್ನುತ್ತಿದ್ದೆ. ನಾನು ಕಚೇರಿಯ ಗುಮಾಸ್ತ. 'ನಾಳೆ ಬನ್ನಿ' ಎನ್ನದಿದ್ದರೆ ನನಗೆ ಉಸಿರೇ ಕಟ್ಟುತ್ತದೆ. ಒರಳಿಗೆ ಉಳಿ ಹೊಡೆಯುವವನು ಕೂಗುತ್ತಾ ಬರುತ್ತಿದ್ದ, ಕೂಗುತ್ತಾ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಜಾರಿಬಿದ್ದಳು. ಸೊಂಟ ಮುರಿಯಿತು. ಮಂಡ್ಯದ ಆಸ್ಪತ್ರೆಗೆ ಓಡಾಡಿದ್ದೇ ಬಂತು. ಎಂಟು ತಿಂಗಳು ಮಲಗಿದ್ದು, ನನ್ನನ್ನು ಒಂದು ಮಾತೂ ಅನ್ನದೆ ಹೋದಳು. ಅಂದಿದ್ದರೆ ಚೆನ್ನಾಗಿತ್ತು.

ವರ್ಷ ಕಳೆದು ಬಚ್ಚಲಿಗೆ ಟೈಲ್ಸ್ ಹಾಕಿಸಲು ಚಪ್ಪಡಿ ಎಬ್ಬಿಸಿದರೆ ಅಡಿಯಲ್ಲಿ ಹಳೇ ಕಾಲದ ಅಕ್ಷರ! ಮ್ಯೂಸಿಯಂನವರು ಬಂದು ಒಯ್ದರು. ಬಸ್ಸಿನ ಬೋರ್ಡು ಬಿಟ್ಟು ಬೇರೇನೂ ಓದದ ಪಕ್ಕದ ಮನೆಯ ನಿಂಗಣ್ಣ ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟ: "ಅದು ಸಾಪದ್ ಕಲ್ಲು ಕಣ್ಲಾ. ಕಿತ್ತೋನ್ಗೆ ಕಾಸೀಲಿ ಅಸ ಕೊಂದ್ ಪಾಪ ಬತ್ತದೆ ಅಂತ ಬರ್ದಿರ್ತಾರೆ. ನಿಮ್ ತಾತ ಕಿತ್ತ, ನಿಮ್ಮವ್ವ ಬಿದ್ಲು. ನೀನೇನ್ ಮಾಡಕಾದದು?" ನಾನೇನು ಮಾಡಲಾದೀತು! ಎಷ್ಟೋ ತಿಂಗಳ ಮೇಲೆ ಅನ್ನ ಮೈಗೆ ಹತ್ತಿತು. ಕೇಳಿದವರಿಗೂ ಕೇಳದವರಿಗೂ ಶಾಪದ ಕಥೆ ಹೇಳಿ, ಸತ್ತ ತಾತನನ್ನು ಬಾಯ್ತುಂಬ ಬೈದುಕೊಂಡು ಓಡಾಡಿದೆ.

ಹತ್ತು ದಿನ ಕಳೆದು, ಶಾಪವನ್ನು ಕಣ್ಣಾರೆ ನೋಡಿ ಬರೋಣವೆಂದು ಮ್ಯೂಸಿಯಂಗೆ ಹೋದೆ. ಚಪ್ಪಡಿಯನ್ನು ಮಗುಚಿ, ದೀಪ ಹಾಕಿ ಇಟ್ಟಿದ್ದರು. ಅಕ್ಷರಗಳ ಕೆಳಗೆ ಸಾಲಾಗಿ ಉಳಿಯ ಕಚ್ಚುಗಳಿದ್ದವು. "ಶಾಪ ಎಲ್ಲಿದೆ ಮೇಡಂ?" ಎಂದೆ. ಶಾಸನ ಓದುವ ಮೇಡಂ ನಕ್ಕರು. "ಶಾಪಗೀಪ ಇಲ್ಲ ಸಾರ್. ಇದು ಕೋಟೆ ಬಾಗಿಲಿನ ಮೆಟ್ಟಿಲು. ಜಾರ್ತಿತ್ತಂತೆ. ತಾಯಿ ಬೀಳಬಾರದು ಅಂತ ಯಾರೋ ಮಗ ಕಚ್ಚು ಹಾಕಿಸಿದ್ದಾನೆ. ಪಾಪ, ಅವನ ಹೆಸರೇ ಸವೆದುಹೋಗಿದೆ. ನಿಮ್ಮವರು ಕಚ್ಚು ಇರೋ ಕಡೆ ಕೆಳಗೆ ಮಾಡಿ ಹಾಸಿಬಿಟ್ಟಿದ್ದಾರೆ."

ಮಗುಚಿ ಹಾಸಿದ್ದು ತಾತ, ಸರಿ. ಆದರೆ ಜಾರುತ್ತದೆ ಎಂದು ಅವ್ವ ಹೇಳಿದ್ದು ತಾತನಿಗಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಎದುರಿಗಿದ್ದ ಫಲಕದಲ್ಲಿ 'ಕಲ್ಲು ಕೊಟ್ಟವರು' ಎಂದು ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿದ್ದರು. ಅದು ಸದ್ಯಕ್ಕೆ ಸವೆಯುವಂತೆ ಕಾಣಲಿಲ್ಲ.

ಮನೆಗೆ ಬಂದರೆ ಹೆಂಡತಿ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. "ಟೈಲ್ಸು ಜಾರ್ತವೆ ಅಂತ ಆಕ್ಸಿದ್ ದಿನದಿಂದ ಬಡ್ಕೋತಾ ಇವ್ನಿ. ರಬ್ಬರ್ ಮ್ಯಾಟು ತಂದ್ರಾ?"

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಆಚೆ ಬಿದ್ದಿತ್ತು: "ನಾಳೆ."